ಓವನ್ನಿಗೆ ಹೋದ ಹಸಿರು ಬಳೆಗಳು

ಗಾಜು ಒಂದು ಘನವಸ್ತು. ಕಾಯಿಸಿದರೆ ಹಿಗ್ಗುತ್ತದೆ. ಎರಡೂ ನಿಜ. ಕ್ಲೇಟನ್ ಎಂಬ ಪರದೇಶದ ಊರಿನ ಯೂನಿವರ್ಸಿಟಿಯಲ್ಲಿ ಘನವಸ್ತುಗಳ ಗುಣಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾರವಷ್ಟೇ ಉಪ್ಪಿನಕಾಯಿ ಬಾಟಲಿಯ ಬಿಗಿದ ಮುಚ್ಚಳವನ್ನು ಬಿಸಿನೀರಿಗೆ ಹಿಡಿದು ತೆಗೆದು, ಮನೆಯಲ್ಲಿ ಗೌರವ ಸಂಪಾದಿಸಿದ್ದೆ. ಆ ಗೌರವ ಎರಡು ದಿನ ಉಳಿಯಿತು ಎಂದು ಡೈರಿಯಲ್ಲಿದೆ. ಡೈರಿ ಬರೆದವನು ನಾನೇ ಆದ್ದರಿಂದ ಒಂದು ದಿನ ಕಳೆಯಬಹುದು.

ಆ ಭಾನುವಾರ ನನ್ನ ಹೆಂಡತಿ ಸುಮಾಳ ಸೀಮಂತ. ಹನ್ನೊಂದಕ್ಕೆ ಜನ ಬರಬೇಕು. ಮೈಸೂರಿನಿಂದ ಬಂದ ಅತ್ತೆ ಎರಡು ಡಜನ್ ಹಸಿರು ಗಾಜಿನ ಬಳೆಗಳನ್ನು ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದರು. ಮದುವೆಯಾದಾಗಿನ ಅಳತೆಯವು. ಏಳನೇ ತಿಂಗಳಿಗೆ ಸುಮಾಳ ಕೈ ಊದಿತ್ತು. ಮೊದಲ ಬಳೆಯೇ ಗೆಣ್ಣಿನ ಹತ್ತಿರ ನಿಂತಿತು. ಅವಳು ಚೀರಿದಳು.

"ನಮ್ಮ ಬೀದಿ ಬಳೆಗಾರ ಇದ್ದಿದ್ರೆ ಎರಡು ನಿಮಿಷದ ಕೆಲಸ," ಎಂದರು ಅತ್ತೆ. ಯಾವತ್ತೂ ತಾವೇ ಬಳೆ ತೊಡಿಸಿದವರಲ್ಲ. ಮಗಳ ಕೈ ಹಿಸುಕಲು ಧೈರ್ಯವಿಲ್ಲ. ಕಾಲಿಂಗ್ ಕಾರ್ಡ್ ಹಾಕಿ ಊರಿಗೆ ಫೋನ್ ಮಾಡಿ ಯಾರನ್ನಾದರೂ ಕೇಳೋಣವೆಂದರೆ ಮೈಸೂರಿನಲ್ಲಿ ಇನ್ನೂ ಬೆಳಗಾಗಿರಲಿಲ್ಲ.

"ಅಂಗಡಿಯಿಂದ ದೊಡ್ಡ ಅಳತೆಯದು ತರ್ಲಾ?" ಎಂದೆ.

"ಬೇಡ. ಅಮ್ಮ ತಂದಿದ್ದೇ ಬೇಕು." ಸುಮಾಳ ಕಣ್ಣಲ್ಲಿ ನೀರು.

ಆಗ ನಾನು ಎದ್ದುನಿಂತೆ. ಆಗಲೇ ನಿಂತಿದ್ದೆನೋ, ಈಗ ಖಚಿತವಿಲ್ಲ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಹಿಗ್ಗಿಸಿಯೇ ತೊಡಿಸುತ್ತಾರೆಂದು ಇಬ್ಬರಿಗೂ ವಿವರಿಸಿದೆ.

"ನನ್ನ ಕೈ ಏನು ಗಾಡಿ ಚಕ್ರಾನಾ?"

"ತತ್ವ ಒಂದೇ!"

ಅತ್ತೆ ಒಂದು ಡಜನ್ ಕೊಟ್ಟರು. ಇನ್ನೊಂದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಅವರಿಗೆ ಘನವಸ್ತು ಗೊತ್ತಿರಲಿಲ್ಲ. ಅಳಿಯ ಗೊತ್ತಿದ್ದ.

ಬಳೆಗಳನ್ನು ಟ್ರೇಯಲ್ಲಿ ಜೋಡಿಸಿ ಓವನ್ನಿಗಿಟ್ಟೆ. ಹತ್ತು ನಿಮಿಷ ಕಳೆದ ಮೇಲೆ ಸುಮಾ ಕೇಳಿದಳು: "ರೀ, ಕಾದ ಬಳೇನ ಹೇಗೆ ಹಾಕ್ಕೊಳ್ಳೋದು?"

"ತಣ್ಣಗಾದ್ಮೇಲೆ."

"ತಣ್ಣಗಾದ್ರೆ ಮತ್ತೆ ಚಿಕ್ಕದಾಗಲ್ವಾ?"

ಮೂರು ವರ್ಷದ ಸಂಶೋಧನೆಯಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಲ್ಲೇ ತಪ್ಪೊಪ್ಪಿಕೊಂಡಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. "ಕೈ ಸುಡದಷ್ಟು ಆರಿದ್ರೆ ಸಾಕು," ಎಂದು ಟ್ರೇ ಹೊರತೆಗೆದು ನಲ್ಲಿಯ ಕೆಳಗೆ ಹಿಡಿದೆ.

ಚಟ್! ಆಮೇಲೆ ಚಟಚಟ!

ಗಾಜು ಪೆಡಸು, ಕಾದಾಗ ತಟ್ಟನೆ ತಣಿಸಿದರೆ ಸೀಳುತ್ತದೆ. ಇದೂ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ! ಆಮೇಲೆ ಲೆಕ್ಕ ಹಾಕಿದೆ: ಅಷ್ಟೆಲ್ಲ ಕಾಯಿಸಿದ್ದಕ್ಕೆ ಬಳೆ ಹಿಗ್ಗಿದ್ದು ಒಂದು ಕೂದಲೆಳೆಯಷ್ಟು.

ಸೀಮಂತದ ದಿನ ಬಳೆ ಒಡೆದರೆ ಏನರ್ಥವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು ಕೂತರು. ಸುಮಾ ಅಳುವುದನ್ನೂ ನಿಲ್ಲಿಸಿದ್ದಳು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ನಾನು ತಲೆ ತಗ್ಗಿಸಿ ಚೂರು ಆರಿಸತೊಡಗಿದೆ.

ಎಲ್ಲರಿಗಿಂತ ಮೊದಲು ಬಂದವರು ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಫ್ಲೋರಾ ಆಂಟಿ, ಮಂಗಳೂರಿನವರು. ಸಿಂಕ್ ನೋಡಿದರು. ನನ್ನನ್ನು ನೋಡಿದರು.

"ಎಂಥ ಮಾರಾಯ್ರೆ ಇದು, ಬಳೆಯ ಸಾರು ಮಾಡ್ತಿದ್ದೀರಾ?"

ಅತ್ತೆ ತಮ್ಮ ಸಂಕಟ ಹೇಳಿಕೊಂಡರು.

"ಅಷ್ಟೆಯಾ? ನಮ್ಮ ಮನೆಯ ಮದುಮಗಳಂದಿರಿಗೆಲ್ಲ ಬಳೆ ಇಡಿಸಿದ್ದು ನಾನೇ. ಸ್ವಲ್ಪ ತೆಂಗಿನೆಣ್ಣೆ ಕೊಡಿ."

ಸುಮಾಳ ಕೈಗೆ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿದರು. "ಬಳೆ ಬಗ್ಗುವುದಿಲ್ಲ ಮಗಾ, ಕೈ ಬಗ್ಗುತ್ತದೆ. ನೀನು ಸಡಿಲ ಬಿಡು."

ಒಂದು ಜಾರಿತು. ಇನ್ನೊಂದು. ಸೆರಗಿನ ಗಂಟು ಖಾಲಿಯಾಯಿತು. ಸುಮಾ ಎರಡೂ ಕೈ ಅಲ್ಲಾಡಿಸಿ ಸದ್ದು ಕೇಳಿಸಿಕೊಂಡಳು. ಅತ್ತೆ ಕಣ್ಣೊರೆಸಿಕೊಂಡರು.

ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಆಂಟಿ ನನ್ನತ್ತ ತಿರುಗಿದರು. "ನೀವು ಯೂನಿವರ್ಸಿಟಿಯಲ್ಲಿ ಎಂಥ ಓದುವುದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು: "ಕಂಪ್ಯೂಟರ್."

ನಾನು ತಿದ್ದಲಿಲ್ಲ.