ನಮ್ಮ ಮನೆಗೆ ಬಂದ ಮದುವೆ ಕುದುರೆ

ನಾನು ದೇವರ ಹತ್ತಿರ ಕೇಳಿಕೊಂಡದ್ದು ಯಾವತ್ತೂ ನೆಟ್ಟಗೆ ಬಂದಿಲ್ಲ. ಬರುವುದಂತೂ ಖಂಡಿತ ಬರುತ್ತದೆ, ಆದರೆ ನಾಲ್ಕು ಬೀದಿ ಸುತ್ತಿ, ಜೊತೆಗೆ ನಗು ಬರಿಸುವಂಥದ್ದೊಂದನ್ನು ಕಟ್ಟಿಕೊಂಡೇ ಬರುತ್ತದೆ. ತುಳಸಿ ಒಣಗುತ್ತಿದೆ ತಂದೆ ಎಂದು ಬೇಡಿಕೊಂಡ ದಿನವೇ ಪಕ್ಕದ ಮನೆಯ ಟ್ಯಾಂಕು ತುಂಬಿ ನಮ್ಮ ಬೃಂದಾವನದ ಮೇಲೆ ಸುರಿದಿತ್ತು. ಹೀಗಿರುವಾಗ ನಮ್ಮ ಯಜಮಾನರ ವಿಷಯದಲ್ಲೂ ಏನೋ ಒಂದು ವಿಚಿತ್ರ ನಡೆಯುತ್ತದೆ ಎಂದು ನಾನು ಸಿದ್ಧವಾಗಿರಬೇಕಿತ್ತು. ಕುದುರೆ ಬರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ವಿಷಯ ಇಷ್ಟು. ಯಜಮಾನರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರಾದವರು. ಹೋದ ವರ್ಷ ಬೆಳಗಿನ ವಾಕಿಂಗಿಗೆ ಹೋದಾಗ ಮೇನ್ ರೋಡು ದಾಟುವ ಹೊತ್ತಿಗೆ ಬೈಕೊಂದು ಬಂದು ಗುದ್ದಿತು. ಕಾಲಿನ ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ದಿನಾ ಬೆಳಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಗೇಟಿನವರೆಗೆ ಹೋಗುತ್ತಾರೆ. ಚಿಲಕದ ಮೇಲೆ ಕೈ ಇಡುತ್ತಾರೆ. ಆಚೆ ಒಂದು ಹಾರನ್ ಕೇಳಿದರೆ ಸಾಕು, ತಿರುಗಿ ಬಂದು ವರಾಂಡದ ಕುರ್ಚಿಯಲ್ಲಿ ಪೇಪರು ಹಿಡಿಯುತ್ತಾರೆ. ಮಗ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರೂ ಊಹೂಂ. ನಾನು ರಾಗಿಗುಡ್ಡದಲ್ಲಿ ಪ್ರದಕ್ಷಿಣೆ ಹಾಕಿದೆ, ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿದೆ. "ಅಮ್ಮಾ, ಇವರನ್ನ ಗೇಟು ದಾಟಿಸು, ಮುಂದಿನದು ನಾನು ನೋಡ್ಕೋತೀನಿ" ಎಂದಷ್ಟೇ ಕೇಳಿದ್ದು.

ಇಂಟರ್‌ವಲ್ ಆದ ಮೇಲೆ

ಒಂದು ದಿನ ಗಡ್ಡ ಬಿಟ್ಟ ತರುಣನೊಬ್ಬ ಬಂದ. "ಆಂಟಿ, ನಾನು ಸಿನಿಮಾ ಡೈರೆಕ್ಟರು. ಜಯನಗರದಲ್ಲಿ ಕಾಂಪೌಂಡು, ಸಂಪಿಗೆ ಮರ ಎಲ್ಲ ಇರೋ ಮನೆ ಈಗ ಎಲ್ಲಿ ಸಿಗುತ್ತೆ? ಒಂದು ವಾರ ಶೂಟಿಂಗಿಗೆ ಕೊಡ್ತೀರಾ?" ಎಂದ. ಮಹಡಿಯ ಮೇಲಿರುವ ಮಗ ಸೊಸೆಯನ್ನು ಕೇಳಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಸೊಸೆ ಮೆಟ್ಟಿಲ ಮೇಲಿಂದಲೇ "ಕೊಡೋಣ ಅತ್ತೆ" ಎಂದಳು.

ನಾನು ಷರತ್ತು ಹಾಕಿದೆ. ಮನೆಯೊಳಗೆ ಮೊಟ್ಟೆ ತರಕೂಡದು, ದೇವರ ಮನೆಯ ಮುಂದೆ ಚಪ್ಪಲಿ ಹಾಕಿಕೊಂಡು ಓಡಾಡಕೂಡದು, ಏಕಾದಶಿಯ ದಿನ ಯಾರನ್ನೂ ಸಾಯಿಸಕೂಡದು.

"ಇದ್ರಲ್ಲಿ ಯಾರೂ ಸಾಯಲ್ಲ ಆಂಟಿ, ಫ್ಯಾಮಿಲಿ ಸಬ್ಜೆಕ್ಟು. ಒಬ್ಬ ಹುಡುಗಿಗೆ ಆಕ್ಸಿಡೆಂಟ್ ಆಗಿರುತ್ತೆ. ಹೆದರ್ಕೊಂಡು ಮನೆಯಿಂದ ಆಚೆ ಬರೋದೇ ಬಿಟ್ಟಿರ್ತಾಳೆ. ಆಮೇಲೆ ಮನೆಗೊಂದು ಕುದುರೆ ಬರುತ್ತೆ. ಅದರ ಜೊತೆ ಇದ್ದೂ ಇದ್ದೂ ವಾಸಿಯಾಗ್ತಾಳೆ."

ಮೆಲ್ಲಗೆ ಕುರ್ಚಿಯ ಕಡೆ ನೋಡಿದೆ. ಪೇಪರು ಕೆಳಗಿಳಿಯಿತು.

"ಯಾವಾಗ ವಾಸಿಯಾಗ್ತಾಳೆ?" ಎಂದರು ಯಜಮಾನರು.

"ಇಂಟರ್‌ವಲ್ ಆದ್ಮೇಲೆ ಅಂಕಲ್."

"ಪುಣ್ಯವಂತೆ. ನಮ್ಮ ಡಾಕ್ಟ್ರು ಟೈಮೇ ಹೇಳ್ಲಿಲ್ಲ" ಎಂದು ಯಜಮಾನರು ಪೇಪರು ಮೇಲೇರಿಸಿಕೊಂಡರು.

ಕುಂಕುಮ ಕೊಡದೆ ಕಳಿಸುವುದು ಹೇಗೆ

ಮನೆಗೆ ಕುದುರೆ ಬರುತ್ತದೆ ಎಂದರೆ ಸಾಮಾನ್ಯವೇ? ಕುದುರೆಯ ಮುಖದ ಹಯಗ್ರೀವ ದೇವರು ವಿದ್ಯೆಗೆ ಒಡೆಯ. ಅವನ ಹೆಸರಿನದೇ ಸಿಹಿ ಇದೆಯಲ್ಲ, ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪ ಹಾಕಿ ಮಾಡುವುದು, ಅದನ್ನು ಮಡಿಯಲ್ಲಿ ಮಾಡಿಟ್ಟೆ. ನಮ್ಮ ಭಜನೆ ಗುಂಪಿನವರೆಲ್ಲ ರೇಷ್ಮೆ ಸೀರೆ ಉಟ್ಟು ಗೇಟಿನ ಬಳಿ ಸಾಲಾಗಿ ನಿಂತರು. ಟೆಂಪೋದಿಂದ ಬಿಳಿ ಕುದುರೆ ಇಳಿಯುತ್ತಿದ್ದ ಹಾಗೇ ಹಯಗ್ರೀವ ಸ್ತೋತ್ರ ಶುರುವಾಯಿತು. ಆರತಿಯೂ ಆಯಿತು.

ಕುದುರೆಯ ಜೊತೆ ತಿಲಕ್ ನಗರದಿಂದ ಬಂದಿದ್ದ ಸಾಹೇಬರು, ಬೆಳ್ಳಗಿನ ಗಡ್ಡದವರು, ಸ್ತೋತ್ರ ಮುಗಿಯುವವರೆಗೆ ಕೈಕಟ್ಟಿ ನಿಂತಿದ್ದು ಆಮೇಲೆ ಬಾಯಿ ಬಿಟ್ಟರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಇವಳು ಹೆಣ್ಣು. ಹೆಸರು ರಾಣಿ. ಮದುವೆ ಕುದುರೆ."

"ಸಿನಿಮಾಕ್ಕೆ ಮದುವೆ ಕುದುರೆ ಯಾಕಪ್ಪಾ?" ಎಂದು ಡೈರೆಕ್ಟರನ್ನು ಕೇಳಿದೆ.

"ಬೇರೆ ಕುದುರೆಗಳು ಜನ ನೋಡಿದ್ರೆ ಬೆದರ್ತವೆ ಆಂಟಿ" ಎಂದ ಅವನು.

"ರಾಣಿ ಲೈಟು, ಜನ, ಪಟಾಕಿ ಯಾವುದಕ್ಕೂ ಜಗ್ಗಲ್ಲಮ್ಮಾ" ಎಂದರು ಸಾಹೇಬರು. "ಬ್ಯಾಂಡ್ ಹೊರಟ್ರೆ ಹೊರಡ್ತಾಳೆ, ಬ್ಯಾಂಡ್ ನಿಂತ್ರೆ ನಿಲ್ತಾಳೆ. ಇಷ್ಟೇ ಇವಳು ಓದಿರೋದು."

ನಾವು ಹೆಂಗಸರು ಮುಖ ಮುಖ ನೋಡಿಕೊಂಡೆವು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ತೀರ್ಪು ಕೊಟ್ಟರು. "ಹೆಣ್ಣು ಅಂದ್ಮೇಲೆ ಕುಂಕುಮ ಕೊಡದೆ ಇರೋಕಾಗುತ್ತೇನ್ರೇ? ಯಾರ ಮನೆ ಮಗಳೋ, ಹೊಸ್ತಿಲಿಗೆ ಬಂದಿದಾಳೆ." ಡೈರೆಕ್ಟರು ಒಳಗೆ ಕಾಫಿ ಕುಡಿದು ಬರುವಷ್ಟರಲ್ಲಿ ರಾಣಿಯ ಹಣೆಗೆ ಕುಂಕುಮ, ನಾಲ್ಕೂ ಕಾಲಿಗೆ ದಟ್ಟವಾಗಿ ಅರಿಸಿನ, ಕಿವಿಯ ಹಿಂದೆ ಮಲ್ಲಿಗೆ, ಬೆನ್ನ ಮೇಲೆ ಎಲೆ ಅಡಿಕೆ ಬಾಳೆಹಣ್ಣಿನ ಸಮೇತ ಒಂದು ಬ್ಲೌಸ್ ಪೀಸು.

ಅವನು ನೋಡಿದವನೇ ಮೆಟ್ಟಿಲ ಮೇಲೆ ಕುಸಿದು ಕೂತ. "ಆಂಟಿ, ನಮ್ಮ ಕಥೆಯಲ್ಲಿ ಇದು ಯಾರೂ ದಿಕ್ಕಿಲ್ಲದ ಕುದುರೆ."

ಬೆಳಗ್ಗೆಯೆಲ್ಲ ಶಾಂಪೂ ಹಾಕಿ ತೊಳೆದರು. ಬಿಳಿ ಕುದುರೆಗೆ ಹಚ್ಚಿದ ಅರಿಸಿನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೊನೆಗೆ ಪಾಪ ಕಥೆಯನ್ನೇ ಸ್ವಲ್ಪ ತಿದ್ದಿಕೊಂಡರು. ಈಗ ಆ ಸಿನಿಮಾದಲ್ಲಿ ಕುದುರೆಗೆ ಕಾಮಾಲೆ.

ಅಳುವ ಸೀನು

ಸಿನಿಮಾದ ಹುಡುಗಿ ಬಿಟಿಎಂ ಲೇಔಟಿನವಳು, ಚಿನ್ನದಂಥ ಮಗು. ರಾಣಿಯ ಕುತ್ತಿಗೆಗೆ ಮುಖವಿಟ್ಟು ಅವಳು ಅಳಬೇಕಿತ್ತು. ಆದರೆ ಆಗಷ್ಟೇ ನಾನು ಕೊಟ್ಟ ಬಾದಾಮಿ ಹಾಲು ಕುಡಿದು ಖುಷಿಯಾಗಿದ್ದಳು. ಅಳು ಬರಲೊಲ್ಲದು. ಅಳು ಬರಲಿ ಎಂದು ಡೈರೆಕ್ಟರು ಸ್ಪೀಕರಿನಲ್ಲಿ ದುಃಖದ ಟ್ಯೂನು ಹಾಕಿಸಿದ. ಪಿಟೀಲು ಇರುವವರೆಗೆ ಸರಿಯಾಗಿತ್ತು. ಡೋಲು ಸೇರಿದ್ದೇ ತಡ, ರಾಣಿ ಒಂದೊಂದೇ ಕಾಲೆತ್ತಿ ನಿಂತಲ್ಲೇ ಕುಣಿಯತೊಡಗಿದಳು. ಹುಡುಗಿ ನಕ್ಕೂ ನಕ್ಕೂ ನೆಲಕ್ಕೆ ಕೂತಳು.

ಯಾರೋ ಕಣ್ಣಿಗೆ ಹಾಕುವ ಔಷಧಿ ತಂದರು. ನನಗೆ ತಡೆಯಲಾಗಲಿಲ್ಲ. "ಅದೆಲ್ಲ ಬೇಡ ಕಂದಾ, ಕಣ್ಣು ಹಾಳಾಗುತ್ತೆ" ಎಂದು ಅವಳ ಪಕ್ಕಕ್ಕೆ ಹೋಗಿ, ಮೆಲ್ಲಗೆ ಯಜಮಾನರ ಕಥೆ ಹೇಳಿದೆ. ದಿನಾ ಹೊರಡುವುದು, ದಿನಾ ಹಿಂದೆ ಬರುವುದು. "ಅಲ್ಲಿ ನೋಡು, ಆ ಚಿಲಕ. ಇವರು ಮುಟ್ಟಿ ಮುಟ್ಟಿ ಅದರ ಬಣ್ಣವೇ ಹೋಗಿದೆ" ಎಂದೆ. ಹುಡುಗಿ ಚಿಲಕ ನೋಡಿದಳು, ರಾಣಿಯ ಕುತ್ತಿಗೆ ತಬ್ಬಿಕೊಂಡು ಬಿಕ್ಕಿದಳು. ನಾನೂ ಅತ್ತುಬಿಟ್ಟೆ. ರಾಣಿ ಅಲುಗದೆ ನಿಂತಳು.

ಡೈರೆಕ್ಟರು ಕಣ್ಣೊರೆಸಿಕೊಂಡು ಬಂದ. "ಅದ್ಭುತವಾಗಿ ಬಂತು ಆಂಟಿ. ಒಂದೇ ತೊಂದರೆ, ನೀವೂ ಫ್ರೇಮಲ್ಲಿ ಇದ್ದೀರಿ. ಇನ್ನೊಂದ್ಸಲ ತೆಗೀಬೇಕು."

ಇನ್ನೊಂದು ಸಲ ಅಳು ಬರಲೇ ಇಲ್ಲ. ಅಷ್ಟರಲ್ಲಿ ಯಜಮಾನರು ಕುರ್ಚಿಯಿಂದ ಹುಡುಗಿಯನ್ನು ಕರೆದು ಹೇಳಿದ್ದರು. "ಬಣ್ಣ ಹೋಗಿರೋದು ನಾನು ಮುಟ್ಟಿ ಅಲ್ಲಮ್ಮಾ. ಇವಳು ಶುಕ್ರವಾರ ಶುಕ್ರವಾರ ಅದಕ್ಕೂ ಹುಣಸೆಹಣ್ಣು ಹಾಕಿ ಉಜ್ಜುತಾಳೆ."

ಹಗ್ಗ ಹಿಡಿದ ಕ್ಯಾಷಿಯರ್

ಅಷ್ಟು ಹೊತ್ತಿಗೆ ಯಜಮಾನರಿಗೂ ರಾಣಿಗೂ ಸ್ನೇಹವಾಗಿತ್ತು. ಕ್ಯಾರೆಟ್ಟು ಕೊಡುವುದು, ಪೇಪರಿನ ಸುದ್ದಿ ಓದಿ ಹೇಳುವುದು. ಸಂಜೆ ಸಾಹೇಬರು ಹಗ್ಗವನ್ನು ಇವರ ಕೈಗಿಟ್ಟರು. "ಸಾರ್, ನಮಾಜ್ ಮುಗಿಸ್ಕೊಂಡು ಬಂದ್ಬಿಡ್ತೀನಿ. ಬಿಡ್ಬೇಡಿ, ಸರೀನಾ?"

ಬಿಡುವ ಮಾತೇ ಇಲ್ಲ. ಇನ್ನೊಬ್ಬರ ವಸ್ತು ಕೈಗೆ ಬಂದರೆ ವಾಪಸು ಒಪ್ಪಿಸುವವರೆಗೆ ನೀರು ಕುಡಿಯಲೂ ಏಳದ ಮನುಷ್ಯ ಇವರು.

ಜನರೇಟರಿನ ವೈರು ಎಳೆದಿದ್ದರಿಂದ ಗೇಟು ತೆರೆದೇ ಇತ್ತು. ಅದೇ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಬ್ಯಾಂಡು ಬಂತು. ಮೇನ್ ರೋಡಿನ ಆಚೆಯ ಕಲ್ಯಾಣ ಮಂಟಪಕ್ಕೆ ಗಂಡಿನ ದಿಬ್ಬಣ, ಮದುಮಗ ಹೂವಿನ ಕಾರಿನಲ್ಲಿ. ರಾಣಿ ಕಿವಿ ನಿಮಿರಿಸಿದಳು. ಹೊರಟೇಬಿಟ್ಟಳು. "ಏಯ್, ಏಯ್, ನಿಂತ್ಕೊಳ್ಳೇ, ನಿನ್ನ ಯಜಮಾನ್ರು ಬರ್ಲಿ" ಎನ್ನುತ್ತಾ ಇವರೂ ಹಗ್ಗದ ಜೊತೆಗೇ ಹೊರಟರು. ಗೇಟು ದಾಟಿದರು. ಅವರಿಗದು ಗೊತ್ತೇ ಆಗಲಿಲ್ಲ.

ಸೊಸೆ "ಮಾವಾ" ಎಂದು ಕೂಗಲು ಬಾಯಿ ತೆರೆದಳು. ನಾನು ಅವಳ ಬಾಯಿ ಮುಚ್ಚಿದೆ. ಇಬ್ಬರೂ ದೂರದಿಂದ ಹಿಂಬಾಲಿಸಿದೆವು.

ರಾಣಿ ತನ್ನ ಮಾಮೂಲು ಜಾಗ ಹಿಡಿದಳು. ಬ್ಯಾಂಡಿನ ಹಿಂದೆ, ಮದುಮಗನ ಕಾರಿನ ಮುಂದೆ. ಮೇನ್ ರೋಡು ಬಂತು. ನನ್ನ ಬಾಯಲ್ಲಿ ಆಂಜನೇಯನ ಹೆಸರು ಬಿಟ್ಟರೆ ಇನ್ನೇನಿಲ್ಲ. ಯಜಮಾನರು ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದು ಆಟೋದವನನ್ನು ಗದರಿದರು. "ನಿಲ್ಸಪ್ಪಾ, ಕುದುರೆ ಬರ್ತಿರೋದು ಕಾಣಲ್ವಾ? ಹಾರನ್ ಹೊಡೆದ್ರೆ ಬೆದರುತ್ತೆ."

ಮಂಟಪದ ಬಾಗಿಲಲ್ಲಿ ಹೆಣ್ಣಿನ ಕಡೆಯವರು, ಕುದುರೆ ಗಂಡಿನ ಕಡೆಯವರ ವೈಭವ ಎಂದುಕೊಂಡರು. ಗಂಡಿನ ಕಡೆಯವರು, ಇದು ಹೆಣ್ಣಿನ ಕಡೆಯವರ ಏರ್ಪಾಡು ಎಂದುಕೊಂಡರು. ಕೇಳಿದರೆ ಎಲ್ಲಿ ಬೀಗರು ಬೇಸರ ಮಾಡಿಕೊಳ್ಳುತ್ತಾರೋ ಎಂದು ಯಾರೂ ಕೇಳಲಿಲ್ಲ. ಮದುಮಗನಿಗೂ ರಾಣಿಗೂ ಯಜಮಾನರಿಗೂ ಒಟ್ಟಿಗೇ ಆರತಿಯಾಯಿತು.

ಆಗ ಸಾಹೇಬರು ಓಡಿ ಬಂದು ಏದುಸಿರು ಬಿಡುತ್ತಾ ಹಗ್ಗ ತೆಗೆದುಕೊಂಡರು. ಯಜಮಾನರ ಕೈ ಖಾಲಿಯಾಯಿತು. ಸುತ್ತ ನೋಡಿದರು. ರಸ್ತೆ, ಗಾಡಿ, ಜನ. ಮುಖ ಬಿಳುಪೇರಿತು, ಮತ್ತೆ ಹಗ್ಗಕ್ಕಾಗಿ ಕೈ ಚಾಚಿದರು. ನಾನು ಹತ್ತಿರ ಹೋಗುವ ಮುಂಚೆ ಮದುಮಗಳ ತಂದೆ ಇವರ ಎರಡೂ ಕೈ ಹಿಡಿದುಕೊಂಡರು. "ನಿಂತೇ ಇದ್ದೀರಲ್ಲಾ ಸಾರ್, ಬನ್ನಿ, ಪಾನಕ ತಗೊಳ್ಳಿ. ಬೆಳಗ್ಗೆ ಮುಹೂರ್ತಕ್ಕೂ ತಾವೇ ಮುಂದೆ ಇರ್ಬೇಕು, ತಪ್ಪಿಸಬಾರ್ದು."

"ಆಯ್ತು, ಬರ್ತೀನಿ" ಎಂದುಬಿಟ್ಟರು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಬೆಳಗ್ಗೆ ನಾನು ದೇವರ ಮುಂದೆ ದೀಪ ಹಚ್ಚಿ ಬರುವಷ್ಟರಲ್ಲಿ ಜರಿ ಪಂಚೆ, ಶಲ್ಯದಲ್ಲಿ ನಿಂತಿದ್ದರು. "ಏನೇ, ಇನ್ನೂ ಹೊರಟಿಲ್ವಾ? ಮುಹೂರ್ತಕ್ಕೆ ತಡ ಆದ್ರೆ ಚೆನ್ನಾಗಿರಲ್ಲ."

"ಯಾರ ಮದುವೆ ಅಂತಾದ್ರೂ ಗೊತ್ತೇನ್ರೀ?"

"ಬಾಗಿಲಲ್ಲಿ ಬೋರ್ಡು ಹಾಕಿರ್ತಾರೆ, ಓದ್ಕೊಂಡ್ರಾಯ್ತು. ಬರ್ತೀನಿ ಅಂತ ಮಾತು ಕೊಟ್ಟಿದೀನಿ."

ಗೇಟಿನ ಬಳಿ ಹೋದರು. ಆಚೆ ಹಾಲಿನ ವ್ಯಾನು ಜೋರಾಗಿ ಹಾರನ್ ಹೊಡೆಯಿತು. ಕೈ ಚಿಲಕದ ಮೇಲೇ ನಿಂತಿತು. ಮುಂದೆ ಕುದುರೆಯಿಲ್ಲ, ಬ್ಯಾಂಡಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಕಿರ್ರೆಂದು ಚಿಲಕ ಸರಿದ ಸದ್ದು ಕೇಳಿಸಿತು. ಅಂಥ ಮಂಗಳವಾದ್ಯವನ್ನು ನಾನು ನನ್ನ ಮದುವೆಯಲ್ಲೂ ಕೇಳಿಲ್ಲ.

ಧಾರೆಗೆ ಅಕ್ಷತೆ ಹಾಕಿದೆವು, ಮೊದಲನೇ ಪಂಕ್ತಿಗೆ ಕೂತೆವು. ಮದುಮಗಳ ತಂದೆ ಉಪಚಾರ ಮಾಡುತ್ತಾ ಬಂದು ನಮ್ಮ ಎಲೆಯ ಮುಂದೆ ಬಾಗಿದರು. "ಸಂಕೋಚ ಮಾಡ್ಕೋಬೇಡಿ ಸಾರ್, ನಿಧಾನವಾಗಿ ಆಗ್ಲಿ. ನಿನ್ನೆಯಿಂದ ಕೇಳೋಣ ಅಂತಿದ್ದೆ, ತಾವು ಹುಡುಗನಿಗೆ ಏನಾಗ್ಬೇಕು?"

ನನಗೆ ಬಾಯಲ್ಲಿದ್ದ ಕೋಸಂಬರಿ ಇಳಿಯಲಿಲ್ಲ. ಯಜಮಾನರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಕೈಲಿದ್ದ ತುತ್ತು ಎಲೆಯ ಮೇಲಿಟ್ಟು, ನೆಟ್ಟಗೆ ಕೂತು ಹೇಳಿದರು.

"ನಾವು ಗಂಡಿನ ಕಡೆಯವರಲ್ಲ, ಹೆಣ್ಣಿನ ಕಡೆಯವರೂ ಅಲ್ಲ. ಕುದುರೆ ಕಡೆಯವರು."

ಆ ಪುಣ್ಯಾತ್ಮ ಬಡಿಸುವವನ ಕಡೆ ತಿರುಗಿದರು.

"ಬಾಪ್ಪಾ ಇಲ್ಲಿ, ಕುದುರೆ ಕಡೆಯವರಿಗೆ ಇನ್ನೆರಡು ಒಬ್ಬಟ್ಟು ಹಾಕು. ತುಪ್ಪ ಧಾರಾಳವಾಗಿರ್ಲಿ."