ಗದ್ದಿಗೆ ಕಂಬಳಿಯಲ್ಲಿ ಅಳಿಲಿನ ನಿದ್ದೆ

ಸಂಜೆ ದೀಪ ಹಚ್ಚುವಾಗ ಆ ದಿನದ ಸಣ್ಣಪುಟ್ಟ ಉಪಕಾರಗಳನ್ನೆಲ್ಲ ನೆನೆದು ಕೈಮುಗಿಯುವುದು ನನ್ನ ಅಭ್ಯಾಸ. ಹಾಲು ಉಕ್ಕುವ ಮುಂಚೆಯೇ ಕಣ್ಣಿಗೆ ಬಿದ್ದದ್ದು, ನಲ್ಲಿ ನೀರು ಬಂದ ಹೊತ್ತಿಗೆ ಕರೆಂಟೂ ಇದ್ದದ್ದು, ಸಂಡಿಗೆ ಎತ್ತಿಟ್ಟ ಮೇಲೆ ಮಳೆ ಹನಿದದ್ದು. ದೊಡ್ಡ ವರ ಕೇಳುವವರ ಸಾಲಿನಲ್ಲಿ ಯಾವಾಗಲೂ ನೂಕುನುಗ್ಗಲು. ನನ್ನ ಸಾಲಿನಲ್ಲಿ ಆರಾಮವಾಗಿ ನಿಲ್ಲಬಹುದು. ಈ ಮಾಗಿಯಲ್ಲಿ ಆ ಉಪಕಾರಗಳ ಜೊತೆಗೆ ಒಂದು ಅಳಿಲಿನ ನಿದ್ದೆಯೂ ಸೇರಿತು. ನಗಬೇಡಿ. ಆ ನಿದ್ದೆ ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೆ ನಮ್ಮ ಮನೆಯ ಗದ್ದಿಗೆ ಕಂಬಳಿ ಇಷ್ಟು ಹೊತ್ತಿಗೆ ಬಸ್ಸು ಹತ್ತಿ ರಾಮಗಿರಿ ಸೇರಿರುತ್ತಿತ್ತು.

ನಮ್ಮದು ದುರ್ಗದ ಹಳೇ ಊರಿನ ಹೆಂಚಿನ ಮನೆ. ಅಡುಗೆಮನೆಯ ಅಟ್ಟದ ಮೇಲೆ ಅತ್ತೆ ಬಿಟ್ಟುಹೋದ ಕರಿ ಕಂಬಳಿ ಮಡಿಸಿಟ್ಟಿದೆ. ವರ್ಷಕ್ಕೊಮ್ಮೆ, ಮಾಘದ ಒಂದು ಸೋಮವಾರ, ಹೊತ್ತು ಮೂಡುವ ಮುಂಚೆ ಅದನ್ನು ಇಳಿಸಿ ಹಾಸಿ, ಮೇಲೆ ಅಕ್ಕಿ ಸುರಿದು, ಕಳಶ ಇಟ್ಟರೆ ಅದೇ ಮನೆದೇವರ ಗದ್ದಿಗೆ. ಮಿಕ್ಕ ದಿನ ಅದನ್ನು ಇಳಿಸುವಂತಿಲ್ಲ, ಕೊಡವುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. ಈ ಕಟ್ಟಳೆ ನನಗೆ ಗೊತ್ತು, ನಮ್ಮ ಯಜಮಾನರಿಗೆ ಗೊತ್ತು. ಅಳಿಲಿಗೆ ಯಾರೂ ಹೇಳಿರಲಿಲ್ಲ.

ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಕಂಬಳಿಯ ಮಡಿಕೆಯಿಂದ ಬಾಲವೊಂದು ನೇತಾಡುವುದು ಕಂಡೆ. ನಮ್ಮ ಸೀಬೆ ಗಿಡದ ಅಳಿಲೇ. ಅದನ್ನು ನಾನು ಮಳೆಗಾಲದಿಂದ ನೋಡುತ್ತಿದ್ದೆ. ಶ್ರಾವಣದ ಜಿಟಿಜಿಟಿ ಹಿಡಿದರೆ ಕೊಂಬೆಯ ಕವಲಿನಲ್ಲಿ ಬಾಲ ಹೊದ್ದು ಕೂತಲ್ಲೇ ತೂಕಡಿಸುತ್ತಿತ್ತು; ಮಳೆ ನಿಂತರೆ ತಕ್ಷಣ ಕೆಲಸಕ್ಕೆ ಹೊರಡುತ್ತಿತ್ತು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸತೊಡಗಿದ್ದೇ ಒಳಗೆ ಬಂದು ಕಂಬಳಿ ಹಿಡಿದಿತ್ತು. ಸಂಜೆ ಬೇಗ ಬಂದು ಮಲಗುತ್ತಿತ್ತು, ಬೆಳಿಗ್ಗೆ ಗಾಜಿನ ಹೆಂಚಿನಿಂದ ಬಿಸಿಲು ಇಳಿದು ಮೈಮೇಲೆ ಬೀಳುವ ತನಕ ಏಳುತ್ತಿರಲಿಲ್ಲ. ನಾನು ಪಾತ್ರೆ ಬಡಿದರೂ ಇಲ್ಲ, ಮಿಕ್ಸಿ ಹಾಕಿದರೂ ಇಲ್ಲ. ಇಷ್ಟು ಗಟ್ಟಿ ನಿದ್ದೆಯ ಇನ್ನೊಂದು ಜೀವ ನಮ್ಮ ಮನೆಯಲ್ಲಿ ಆಗಲೇ ಇತ್ತು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಊರ ಮಕ್ಕಳನ್ನೆಲ್ಲ ನಸುಕಿನಲ್ಲಿ ಎಬ್ಬಿಸಿ ಓಡಿಸಿದ ಪಾಪವನ್ನು ನಿವೃತ್ತಿಯಾದ ಮೇಲೆ ಮಲಗಿ ಮಲಗಿ ಕಳೆದುಕೊಳ್ಳುತ್ತಿದ್ದಾರೆ.

ಅಳಿಲು ಮಲಗಿದರೆ ಮಲಗಲಿ ಎನ್ನಬಹುದಿತ್ತು. ಆದರೆ ನಮ್ಮ ಯಜಮಾನರ ಅಕ್ಕ ಗೌರಕ್ಕ ಇದ್ದಾರಲ್ಲ. ಅವರನ್ನು ಕೊಟ್ಟಿರುವುದು ರಾಮಗಿರಿಗೆ. ಅತ್ತೆ ತೀರಿಕೊಂಡಾಗಿನಿಂದ ಅವರದು ಒಂದೇ ಮಾತು: ಕಂಬಳಿಯನ್ನು ಸರಿಯಾಗಿ ನೋಡಿಕೊಳ್ಳಲಾಗದಿದ್ದರೆ ಕೊಟ್ಟುಬಿಡಿ, ನಮ್ಮ ಹೊಸ ಮನೆಯಲ್ಲಿ ಗಾಜಿನ ಬೀರು ಇದೆ. ಗದ್ದಿಗೆಗೆ ಹಿಂದಿನ ದಿನವೇ ಬರುತ್ತಾರೆ, ಮರುದಿನ ತಾವೇ ಏಣಿ ಹತ್ತಿ ಇಳಿಸುತ್ತಾರೆ. ಅದು ಹಿರಿ ಮಗಳ ಹಕ್ಕು. ಹೊತ್ತು ಮೂಡುವ ಮುಂಚೆ ಅವರು ಏಣಿ ಹತ್ತುವುದು, ಹೊತ್ತು ಮೂಡಿದ ಮೇಲೆ ಅಳಿಲು ಏಳುವುದು. ಅಷ್ಟು ಹೊತ್ತಿನಲ್ಲಿ ಅದು ಗೌರಕ್ಕನ ಮುಖಕ್ಕೆ ಹಾರಿದರೆ, ನನ್ನ ಕಂಬಳಿಯೂ ಹೋಯಿತು, ಮಾನವೂ ಹೋಯಿತು.

ಯಜಮಾನರ ಮುಂದೆ ಹೇಳಿಕೊಂಡೆ. ರಾಮ ಅದರ ಬೆನ್ನು ಸವರಿದ್ದು ನಿಜ, ಹಾಗಂತ ನಮ್ಮ ಕಂಬಳಿಯನ್ನೇನೂ ಬರೆದುಕೊಟ್ಟಿಲ್ಲ ಎಂದು ಹೇಳಿ, ಪೆಟ್ಟಿಗೆಯಿಂದ ಹಳೇ ಸೀಟಿ ತೆಗೆದರು. ಅಟ್ಟದ ಕೆಳಗೆ ಎದೆಯುಬ್ಬಿಸಿ ನಿಂತು ಊದಿದರು. ಎದುರು ಮನೆಯ ಕೂಸು ಎದ್ದು ಅತ್ತಿತು. ಹಾಲಿನವನು ಸೈಕಲ್ ನಿಲ್ಲಿಸಿ ಇಣುಕಿದ. ಕಂಬಳಿಯೊಳಗಿನ ಬಾಲ ಒಂದು ಸಲ ಅಲುಗಿ, ಮಗ್ಗುಲು ಬದಲಿಸಿ, ಸುಮ್ಮನಾಯಿತು. ಯಜಮಾನರು ಸೀಟಿಯನ್ನು ಪೆಟ್ಟಿಗೆಗೆ ಹಾಕಿ, ಇದು ಶಿಸ್ತಿಲ್ಲದ ಪ್ರಾಣಿ ಎಂದು ಹೇಳಿ ತಾವೂ ಹೋಗಿ ಮಲಗಿದರು.

ದಾರಿ ತೋರಿಸಿದ್ದು ದೇವರೇ ಎನ್ನುತ್ತೇನೆ. ಒಂದು ಅಮಾವಾಸ್ಯೆ, ತಲೆಗೆ ಎರೆದುಕೊಳ್ಳೋಣವೆಂದು ಕತ್ತಲಿರುವಾಗಲೇ ಹಂಡೆ ಒಲೆ ಹಚ್ಚಿದೆ. ನಮ್ಮ ಹಂಡೆ ಒಲೆಯ ಹೊಗೆಗೂಡು ಅಟ್ಟದ ಗೋಡೆಗೆ ಅಂಟಿಕೊಂಡೇ ಮೇಲೆ ಹೋಗುತ್ತದೆ. ನೀರು ಕಾಯುವಷ್ಟರಲ್ಲಿ ಅಳಿಲು ಮೈಮುರಿದು, ಗಾಜಿನ ಹೆಂಚಿನ ಕತ್ತಲೆಯನ್ನು ಅನುಮಾನದಿಂದ ನೋಡಿ, ಹೆಂಚಿನ ಸಂದಿಯಿಂದ ಹೊರಟುಹೋಯಿತು. ಆಗ ನನಗೆ ಬೆಳಕಾಯಿತು. ಚಳಿಗಾಲದಲ್ಲಿ ಅದನ್ನು ಎಬ್ಬಿಸುವುದು ಬೆಳಕಲ್ಲ, ಸದ್ದಲ್ಲ, ಬಿಸಿ. ಮೈ ಬೆಚ್ಚಗಾದರೆ ಅದರ ಪಾಲಿಗೆ ಬೆಳಗಾದ ಹಾಗೆ. ಆ ದಿನವಿಡೀ ನಾನು ಯಾವುದೋ ದೊಡ್ಡ ಕಾಲೇಜಿನವರಿಂದ ಸನ್ಮಾನ ಮಾಡಿಸಿಕೊಂಡವಳ ಹಾಗೆ ಓಡಾಡಿದೆ. ಸಾರಿಗೆ ಉಪ್ಪು ಹಾಕುವುದನ್ನೂ ಮರೆತೆ.

ಗದ್ದಿಗೆಯ ದಿನ ಬಂತು. ಗೌರಕ್ಕ ಏಳುವ ಮೊದಲೇ ಎದ್ದು ಒಲೆಗೆ ಜಾಲಿ ಸೌದೆ, ತೆಂಗಿನ ಮಟ್ಟೆ ತುರುಕಿದೆ. ಮನೆಯೆಲ್ಲ ಹೊಗೆ. ಯಜಮಾನರು ಕೆಮ್ಮುತ್ತಲೇ ಎದ್ದರು. ಒಂದೇ ಒಲೆಗೆ ಎರಡು ಪ್ರಾಣಿ ಏಳಬೇಕಿತ್ತು, ಒಂದಂತೂ ಎದ್ದಿತು. ಗೌರಕ್ಕ ಧಾರಾಳವಾಗಿ ಬಿಸಿನೀರು ಸುರಿದುಕೊಂಡು, ಮಡಿಯುಟ್ಟು ಏಣಿ ಹತ್ತಿದರು. ಅಳಿಲು ಹೋಗಿದೆಯೋ ಇಲ್ಲವೋ ಹೊಗೆಯಲ್ಲಿ ನನಗೆ ಕಂಡಿರಲಿಲ್ಲ. ಏಣಿ ಹಿಡಿದು ಕೆಳಗೆ ನಿಂತು ಮನೆದೇವರನ್ನೂ, ಜೊತೆಗೆ ನೆನಪಿಗೆ ಬಂದ ಊರದೇವರುಗಳನ್ನೂ ಕರೆದೆ. ಗೌರಕ್ಕ ಕಂಬಳಿಯನ್ನು ಎದೆಗೆ ಅವುಚಿಕೊಂಡವರು ಹಾಗೇ ನಿಂತುಬಿಟ್ಟರು.

“ಲೇ ಶಾಂತಾ, ಕಂಬ್ಳಿ ಬೆಚ್ಚಗೈತಲ್ಲೇ.”

ದೇವರು ಬಂದು ಕೂತು ಎದ್ದುಹೋಗಿದ್ದಾನೆ ಅಂದುಬಿಡು ಎಂದು ಯಜಮಾನರು ಬಾಗಿಲಲ್ಲಿ ನಿಂತು ಕಣ್ಸನ್ನೆ ಮಾಡಿದರು. ನನ್ನ ಬಾಯಿ ಹಾಗೆ ತಿರುಗುವುದಿಲ್ಲ. ಅದೂ ಗದ್ದಿಗೆಯ ಮುಂದೆ.

“ಅಕ್ಕ, ಅದ್ರಾಗೆ ಅಳಿಲು ಮಲಗ್ತಿತ್ತು. ಚಳಿಗೆ ಬಂದಿತ್ತು. ಈಗ ಎದ್ದು ಹೋಗೈತೆ.”

ಗೌರಕ್ಕ ಇಳಿದು ಬಂದು ಕಂಬಳಿ ಬಿಚ್ಚಿದರು. ನಡುಮಡಿಕೆಯಲ್ಲಿ ಅಂಗೈಯಗಲದ ಗೂಡು: ತೆಂಗಿನ ನಾರು, ಮತ್ತು ನಾನು ಬತ್ತಿಗೆಂದು ಇಟ್ಟ ಹತ್ತಿ. ಆ ಹತ್ತಿ ಕಾಣೆಯಾದಾಗ ಯಜಮಾನರು ಕಿವಿಗೆ ಇಟ್ಟುಕೊಂಡಿದ್ದಾರೆಂದು ನಾನು ಜಗಳವಾಡಿದ್ದೆ. ಗೌರಕ್ಕ ಕಂಬಳಿಯನ್ನು ದೀಪಕ್ಕೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿದರು. ಒಂದು ಎಳೆಯೂ ಕಡಿದಿರಲಿಲ್ಲ.

“ಅವ್ವ ಇರಾಗೂ ಒಂದು ಅಳಿಲು ಮಲಗ್ತಿತ್ತು ಕಣೇ,” ಅಂದರು ನೆಲದ ಮೇಲೆ ಕೂತು. “ಅದಕ್ಕೇ ಈ ದಿನ ನೀವ್ಯಾರೂ ಏಳೋಕ್ಮುಂಚೆ ಹಂಡೆ ಒಲೆ ಹಚ್ಚೋಳು. ಮಲಗಿದ್ದನ್ನ ಎಳೀಬಾರ್ದು, ತಾನಾಗೇ ಎದ್ದು ಹೋಗ್ಲಿ ಅನ್ನೋಳು. ನೀನು ಇಲಿ ಪಾಷಾಣ ಇಟ್ಟಿರ್ತೀಯ ಅನ್ಕಂಡಿದ್ದೆ.”

ಆಮೇಲೆ ತಮ್ಮನ ಕಡೆ ತಿರುಗಿ, “ಕಂಬ್ಳಿ ಇಲ್ಲೇ ಇರ್ಲಿ ಬಿಡಪ್ಪ. ನಮ್ಮ ಗಾಜಿನ ಬೀರುನಾಗೆ ಯಾವ ಜೀವ ಬಂದು ಮಲಗ್ತೈತೆ?” ಅಂದರು.

ಗೆದ್ದೆ. ನಾನು ಕಂಡುಹಿಡಿದದ್ದನ್ನು ಅತ್ತೆ ಮೊದಲೇ ಕಂಡುಹಿಡಿದಿದ್ದರೆಂದು ಒಂದು ಗಳಿಗೆ ಮುಖ ಸಪ್ಪಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಬದುಕಿದ್ದಾಗ ಒಂದು ದಿನವೂ ನನಗೆ ಭೇಷ್ ಎನ್ನದ ಅತ್ತೆ ನಡೆದುಹೋದ ದಾರಿಯಲ್ಲೇ ನಾನೂ ನಡೆದೆನಲ್ಲ, ಅದು ಭೇಷ್ ಅಂದಷ್ಟೇ ಆಯಿತು. ಆ ದಿನದ ಹೋಳಿಗೆ ಹೂವಿನಂತೆ ಉಬ್ಬಿತು. ಗೌರಕ್ಕ ತಾವಾಗಿ ಕೇಳಿ ಇನ್ನೊಂದು ಹಾಕಿಸಿಕೊಂಡರು.

ಶಿವರಾತ್ರಿ ಕಳೆದು ಈಗ ಬೇಸಿಗೆ. ಅಳಿಲು ಅಟ್ಟ ಬಿಟ್ಟಿದೆ. ನಾನೇಳುವ ಮುಂಚೆ ಅದರ ಚಿಂವ್‌ಚಿಂವ್ ಶುರುವಾಗಿರುತ್ತದೆ. ನಡುಮಧ್ಯಾಹ್ನ ಮಾತ್ರ ಕಿಟಕಿಯ ನೆರಳಿನ ಕಟ್ಟೆಗೆ ಹೊಟ್ಟೆ ಹಚ್ಚಿ ಮಲಗುತ್ತದೆ. ಎಷ್ಟು ಹೊತ್ತು ಮಲಗುತ್ತದೆ ನೋಡಿಯೇಬಿಡೋಣವೆಂದು ಮೊನ್ನೆ ಕಿಟಕಿಯ ಕೆಳಗೆ ಚಾಪೆ ಹಾಕಿ ಒರಗಿದೆ. ಕಣ್ಣು ಬಿಟ್ಟಾಗ ದೀಪ ಹಚ್ಚುವ ಹೊತ್ತಾಗಿತ್ತು. ಯಜಮಾನರು ತಾವೇ ಕಾಯಿಸಿಕೊಂಡ ಕಾಫಿ ಹಿಡಿದು ನಿಂತಿದ್ದರು. ಕಟ್ಟೆಯ ಮೇಲೆ ಅಳಿಲು ಎರಡು ಕೈಯಲ್ಲಿ ಶೇಂಗಾ ಹಿಡಿದು, ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಬೇಸಿಗೆಯಲ್ಲಿ ಈ ಪ್ರಾಣಿ ಎಷ್ಟು ಹೊತ್ತು ಮಲಗುತ್ತದೆ ಎಂಬುದು ಅದಕ್ಕಂತೂ ಈಗ ಗೊತ್ತಾಗಿದೆ.