ನಾಲ್ವರು ನೋಡಿದ ಮನೆ

ಕನ್ನಡಕದ ಅಂಗಡಿಯವನು ಮಾಡಿದ ತಪ್ಪು ಒಂದೇ. ಶನಿವಾರ ಸಂಜೆ ಎದುರುಮನೆಯ ನಿವೃತ್ತ ಮೇಷ್ಟ್ರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ ಗಾಜು ಬದಲಾಯಿಸುತ್ತಿದ್ದಾಗ, "ನಾಳೆ ಒಂದು ಮನೆ ನೋಡೋಕೆ ಹೋಗ್ತಿದ್ದೀವಿ" ಎಂದು ಬಾಯಿಬಿಟ್ಟ. ಅಲ್ಲಿಯವರೆಗೆ ದೊಡ್ಡ ಅಕ್ಷರಕ್ಕೂ ತಡವರಿಸುತ್ತಿದ್ದ ಮೇಷ್ಟ್ರಿಗೆ ತಮ್ಮ ಕರ್ತವ್ಯ ಮಾತ್ರ ಸ್ಪಷ್ಟವಾಗಿ ಕಂಡಿತು.

"ನೀವಷ್ಟೇ ಹೋಗ್ಬೇಡಿ, ಮೋಸ ಹೋಗ್ತೀರಿ. ನಾನೂ ಬರ್ತೀನಿ."

ಮೇಷ್ಟ್ರು ಜನ್ಮದಲ್ಲಿ ಮನೆ ಕೊಂಡವರಲ್ಲ. ಹಾಗಾಗಿ ಅವರ ಸಲಹೆಗೆ ಅನುಭವದ ಕಲೆ ಎಲ್ಲೂ ತಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವಮೈದನೂ ಹಾಜರಾದ. ಮನೆ ಕೊಳ್ಳುವ ಬಗ್ಗೆ ಜಗತ್ತಿನಲ್ಲಿರುವ ವಿಡಿಯೊಗಳನ್ನೆಲ್ಲ ನೋಡಿ ಮುಗಿಸಿದವನು ಅವನು. ಅವನ್ನೆಲ್ಲ ಅಕ್ಕನ ಬಾಡಿಗೆ ಮನೆಯ ಸೋಫಾದ ಮೇಲೆ ಮಲಗಿ ನೋಡಿದ್ದ ಎಂಬುದು ಬೇರೆ ಮಾತು.

"ಭಾವ, ಈಗಿನ ಮಾರ್ಕೆಟ್‌ನಲ್ಲಿ ನೀವು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಮನೆ ಮಾರಾಟ ಆಗಿರುತ್ತೆ."

"ಏಳು ತಿಂಗಳಿಂದ ಅದೇ ಆಗ್ತಿದೆಯಲ್ಲಪ್ಪ."

"ಅದಕ್ಕೆ ಕಾರಣ ನಿಮ್ಮ ಮುಖ. ಮನೆ ಇಷ್ಟ ಆದ್ರೆ ಮುಖದಲ್ಲೇ ಬರ್ಕೊಂಡಿರುತ್ತೆ. ಇವತ್ತು ಬರೀ ತಪ್ಪು ಹುಡುಕೋದು, ಜೋರಾಗಿ ಹೇಳೋದು. ಬೇರೆ ಗಿರಾಕಿಗಳು ಜಾಗ ಖಾಲಿ ಮಾಡ್ತಾರೆ, ಮಾರೋರು ಬೆಲೆ ಇಳಿಸ್ತಾರೆ."

ಕೆಲಸ ಹಂಚಿಕೆಯಾಯಿತು. ನಲ್ಲಿಗಳು ಹೆಂಡತಿಗೆ, ನೆಲ ಮೇಷ್ಟ್ರಿಗೆ, ಗೋಡೆ ಭಾವಮೈದನಿಗೆ. ದುಡ್ಡು ಕೊಡಬೇಕಾದ ಕನ್ನಡಕದವನಿಗೆ ಬಾಯಿ ಮುಚ್ಚಿಕೊಂಡಿರುವ ಕೆಲಸ.

ಮೆಟ್ಟಿಲಿಳಿದರೆ ಕೆಳಮನೆಯ ಬಾಗಿಲಲ್ಲಿ ಓನರ್ ನಿಂತಿದ್ದರು. ಬಚ್ಚಲು ಸೋರುತ್ತಿದೆ ಎಂದಾಗಲೆಲ್ಲ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ, ಒಂದನೇ ತಾರೀಕು ಮಾತ್ರ ಮಂಡಿ ಸರಿಹೋಗುವ ಮನುಷ್ಯ.

"ಮನೆ ನೋಡೋಕಾ? ಒಳ್ಳೇದಾಗ್ಲಿ. ನನ್ನಿಂದ ಏನಾದ್ರೂ ಆಗೋದಿದ್ರೆ ಹೇಳಿ" ಎಂದರು.

ಮನೆ ಮಾರುತ್ತಿದ್ದವರು ಒಬ್ಬ ನಿವೃತ್ತ ನರ್ಸಮ್ಮ. ಒಬ್ಬರಿಗೆ ಇಷ್ಟು ದೊಡ್ಡ ಮನೆ ಗುಡಿಸಿ ಸಾಕಾಗಿದೆ ಎಂಬುದು ಅವರ ಕಾರಣ. ಇವರು ಹೋಗುವಷ್ಟರಲ್ಲಿ ಎಂಟು ಸಂಸಾರಗಳು ಕೋಣೆಯಿಂದ ಕೋಣೆಗೆ ಹರಿದಾಡುತ್ತಿದ್ದವು.

ಕನ್ನಡಕದವನು ಅಡುಗೆಮನೆಗೆ ಕಾಲಿಟ್ಟ. ಕಿಟಕಿಯ ಬಿಸಿಲು ಕಟ್ಟೆಯ ಮೇಲೆ ಅಗಲವಾಗಿ ಬಿದ್ದಿತ್ತು. ಹಿಂದೆ ಪುಟ್ಟ ಅಂಗಳ, ಅಲ್ಲಿ ಕೂರಲು ಒಂದು ಕಲ್ಲಿನ ಬೆಂಚು. ಅದರ ಮೇಲೆ ಕೂತು ಪೇಪರ್ ಓದುತ್ತಿರುವ ತನ್ನನ್ನು ತಾನೇ ಕಂಡ. ಮುಖ ಅರಳತೊಡಗಿದ್ದೇ ತಡ, ಭಾವಮೈದ ಬೆನ್ನಿಗೆ ತಿವಿದ. ಕನ್ನಡಕದವನು ಕೂಡಲೇ ಹಲ್ಲುನೋವು ಬಂದವನಂತೆ ಮುಖ ಕಿವುಚಿಕೊಂಡ.

ಮೇಷ್ಟ್ರು ಜೇಬಿನಿಂದ ಗೋಲಿ ತೆಗೆದು ನೆಲದ ಮೇಲಿಟ್ಟರು. ಅದು ಹತ್ತಾರು ಕಾಲುಗಳ ನಡುವೆ ನುಸುಳಿ ಅಂಗಳಕ್ಕೆ ಹೋಗಿ ನಿಂತಿತು. ಇಡುವಾಗ ಅವರ ಬೆರಳು ಕೊಂಚ ನೂಕಿದ್ದನ್ನು ಯಾರೂ ಗಮನಿಸಲಿಲ್ಲ.

"ನೆಲ ಇಳಿಜಾರು" ಎಂದು ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಸಾರಿದರು. "ರಾತ್ರಿ ಇಲ್ಲಿ ಮಲಗಿದೋರು ಬೆಳಿಗ್ಗೆ ಅಂಗಳದಲ್ಲಿ ಏಳ್ತಾರೆ."

ಅತ್ತ ಹೆಂಡತಿ ಏಳೂ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ, "ನೀರು ನೋಡಿ, ಕಣ್ಣೀರಿನ ಹಾಗೆ ಬರ್ತಿದೆ" ಎಂದಳು. ಭಾವಮೈದ ಗೋಡೆಗೆ ಕಿವಿಯಿಟ್ಟು ಬಡಿದ. ಆಚೆ ಮನೆಯವರು ಸಿಟ್ಟಿನಿಂದ ತಿರುಗಿ ಬಡಿದರು.

"ಗೋಡೆ ಟೊಳ್ಳು. ಪಕ್ಕದವರು ಆಕಳಿಸಿದ್ರೂ ಕೇಳುತ್ತೆ."

ಒಂದೊಂದಾಗಿ ಎಂಟೂ ಸಂಸಾರಗಳು ಚಪ್ಪಲಿ ಮೆಟ್ಟಿಕೊಂಡವು. ನರ್ಸಮ್ಮ ಸೋತ ಮುಖದಿಂದ ಕುರ್ಚಿಯಲ್ಲಿ ಕುಸಿದರು.

"ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದೆ. ರೋಗಿಗಳಿಗೂ ಇಷ್ಟು ಪರೀಕ್ಷೆ ಮಾಡಿದ್ದು ನೋಡಿಲ್ಲ. ಇನ್ನು ಉಳಿಯಲ್ಲ ಅಂತೀರಾ?"

ಕನ್ನಡಕದವನಿಗೆ ತಡೆಯಲಾಗಲಿಲ್ಲ. "ಹೇಗಿದ್ರೂ ನಾವು ತಗೋತೀವಮ್ಮ" ಎಂದ. ಭಾವಮೈದ ಹಣೆ ಚಚ್ಚಿಕೊಂಡ. ಆದರೆ ನರ್ಸಮ್ಮ ತಾವಾಗಿಯೇ ಬೆಲೆಯಲ್ಲಿ ಕಾಲುಭಾಗ ಇಳಿಸಿದರು. ಭಾವಮೈದನ ಕೈ ಹಣೆಯಿಂದ ಮೀಸೆಗೆ ಇಳಿಯಿತು.

"ಒಂದೇ ತೊಂದರೆ" ಎಂದರು ನರ್ಸಮ್ಮ. "ನನಗೊಂದು ಚಿಕ್ಕ ಬಾಡಿಗೆ ಮನೆ ಸಿಗೋ ತನಕ ಬಿಟ್ಟುಕೊಡೋಕಾಗಲ್ಲ."

"ಅದಕ್ಕೇನು, ಇವರ ಮನೇನೇ ಖಾಲಿಯಾಗುತ್ತಲ್ಲ" ಎಂದರು ಮೇಷ್ಟ್ರು. ಅವರ ಬುದ್ಧಿಗೆ ಅವರೇ ಬೆರಗಾದರು.

ಸಂಜೆ ಐದಕ್ಕೆ ನರ್ಸಮ್ಮ ಬಾಡಿಗೆ ಮನೆ ನೋಡಲು ಬಂದರು. ಓನರ್ ಮೇಕೆಮರಿಯಂತೆ ಮೆಟ್ಟಿಲು ಹಾರಿ ಬಂದರು. ಈಗ ಬಾಯಿ ಬಿಡಲು ಅಪ್ಪಣೆ ಸಿಕ್ಕಿದ್ದ ಕನ್ನಡಕದವನು, ಸಾದಾ ಗಾಜನ್ನು ಹೊರದೇಶದ್ದೆಂದು ಮಾರುವ ಉತ್ಸಾಹದಲ್ಲಿ ಮನೆಯನ್ನು ಹೊಗಳಿದ. ಬಚ್ಚಲಿಗೆ ಬಂದಾಗ ಹೆಂಡತಿ ಒದ್ದೆ ಗೋಡೆಗೆ ಬೆನ್ನು ಕೊಟ್ಟು ನಿಂತು, ನರ್ಸಮ್ಮ ಆಚೆ ಹೋಗುವ ತನಕ ನಗುತ್ತಲೇ ಇದ್ದಳು. ನರ್ಸಮ್ಮನಿಗೆ ಮನೆ ಹಿಡಿಸಿತು. "ಬನ್ನಿ, ಕೆಳಗೆ ಕೂತು ಮಾತಾಡೋಣ" ಎಂದು ಓನರ್ ಕರೆದುಕೊಂಡು ಹೋದರು.

ಮೇಲೆ ನಾಲ್ವರೂ ಕಾಫಿ ಕುಡಿದು, ಹೊಸ ಮನೆಯಲ್ಲಿ ಸೋಫಾ ಎಲ್ಲಿಡಬೇಕೆಂದು ಚರ್ಚಿಸಿದರು. ಭಾವಮೈದ ತನಗೊಂದು ಕೋಣೆಯನ್ನೂ ಆರಿಸಿಕೊಂಡ.

ಅರ್ಧ ಗಂಟೆಯ ಮೇಲೆ ಓನರ್ ಮತ್ತೆ ಮೇಲೆ ಬಂದರು, ಹಿಂದೆಯೇ ನರ್ಸಮ್ಮ.

"ಎಲ್ಲ ಇತ್ಯರ್ಥ ಆಯ್ತು. ಒಂದನೇ ತಾರೀಕು ಇವರು ಇಲ್ಲಿಗೆ ಬರ್ತಾರೆ, ಅಡ್ವಾನ್ಸ್ ಕೊಟ್ರು. ಹಾಗೇ ಇವರ ಮನೇನ ನಾನು ತಗೊಂಡೆ."

ಕನ್ನಡಕದವನಿಗೆ ಎದುರಿಗಿದ್ದವರೆಲ್ಲ ಮಸುಕಾಗಿ ಕಂಡರು. "ಅಮ್ಮ, ನಮಗೆ ಕೊಡ್ತೀನಿ ಅಂದಿದ್ರಲ್ಲ?"

"ಮನಸ್ಸು ಒಪ್ಪಲಿಲ್ಲಪ್ಪ" ಎಂದರು ನರ್ಸಮ್ಮ ಮರುಕದಿಂದ. "ನೆಲ ಇಳಿಜಾರು, ಗೋಡೆ ಟೊಳ್ಳು, ನೀರಿಲ್ಲ. ನಿಮ್ಮಂಥ ಒಳ್ಳೆಯವರು ಬ್ಯಾಂಕ್ ಸಾಲ ಮಾಡಿ ಅಂಥಾ ಮನೆ ಕಟ್ಕೊಂಡು ಯಾಕೆ ಒದ್ದಾಡ್ಬೇಕು? ಇವರಾದ್ರೆ ಕೈಯಲ್ಲಿರೋ ದುಡ್ಡು ಕೊಡ್ತಾರೆ, ಏನಾದ್ರೂ ತಡ್ಕೋತಾರೆ."

"ಮತ್ತೆ ನಾವು ಎಲ್ಲಿಗೆ ಹೋಗೋದು?" ಎಂದಳು ಹೆಂಡತಿ.

"ನಿಮ್ಮನ್ನ ಬೀದಿಗೆ ಬಿಡ್ತೀನಾ ನಾನು?" ಓನರ್ ಕನ್ನಡಕದವನ ಭುಜದ ಮೇಲೆ ಕೈಯಿಟ್ಟರು. "ನಿಮಗೆ ಆ ಮನೆ ತುಂಬಾ ಇಷ್ಟ ಆಗಿದೆ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ನಿಮಗೇ ಬಾಡಿಗೆಗೆ ಕೊಡ್ತೀನಿ. ದೊಡ್ಡ ಮನೆ ನೋಡಿ, ಬಾಡಿಗೆ ಈಗಿನದರ ಎರಡರಷ್ಟು ಆಗುತ್ತೆ."

ಕನ್ನಡಕದವನು ತನ್ನ ಸಲಹೆಗಾರರತ್ತ ತಿರುಗಿದ. ಮೇಷ್ಟ್ರು ಹೊಸ ಕನ್ನಡಕ ತೆಗೆದು ಒರೆಸುವುದರಲ್ಲಿ ಮುಳುಗಿದ್ದರು. ಭಾವಮೈದ ಮಾತ್ರ ಧೃತಿಗೆಡದೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

"ಬೇಗ ಹೂಂ ಅನ್ನಿ ಭಾವ. ಈ ಮಾರ್ಕೆಟ್‌ನಲ್ಲಿ ಬಾಡಿಗೆ ಮನೆ ಸಿಗೋದು ಇನ್ನೂ ಕಷ್ಟ."

ಕನ್ನಡಕದವನು ಹೂಂ ಎಂದ.